ಇಪ್ಪತ್ತು ಎಂದು ಬರೆದ ವರ್ಷ

ಮೊನ್ನೆ ಅಹಮದಾಬಾದಿನ ಸ್ಯಾಟಲೈಟ್ ಎಂಬ ಬಡಾವಣೆಯಲ್ಲಿ, ಮಗಳ ಫ್ಲ್ಯಾಟಿನಿಂದ ಎರಡು ರಸ್ತೆ ಆಚೆಗಿರುವ ಆಸ್ಪತ್ರೆಯಲ್ಲಿ ನಮ್ಮ ಯಜಮಾನರಿಗೆ ಮೊಣಕಾಲಿನ ಆಪರೇಷನ್ ಆಯಿತು. ಹೊರಗೆ ಜಿಟಿಜಿಟಿ ಮಳೆ. ವಾರ್ಡಿನ ಬಾಗಿಲ ಹಿಂದೆ ಯಾರೋ ಒದ್ದೆ ರೇನ್‌ಕೋಟು ನೇತುಹಾಕಿದ್ದರು. ಆ ರಬ್ಬರಿನ ವಾಸನೆಗೆ ಫಿನಾಯಿಲು, ಸ್ಪಿರಿಟ್ಟು ಸೇರಿಕೊಂಡು ಮೂಗಿಗೆ ಬಂದದ್ದೇ ತಡ, ನನ್ನ ಕೈ ನನ್ನನ್ನು ಕೇಳದೆ ಮಂಚದ ಕಾಲ್ದೆಸೆಗೆ ಹೋಯಿತು. ಅಲ್ಲಿ ಚಾರ್ಟಿನ ಹಲಗೆ ತೂಗುತ್ತಿರಬೇಕಿತ್ತು. ಇರಲಿಲ್ಲ. ಈಗ ಅದೆಲ್ಲ ಕಂಪ್ಯೂಟರಿನಲ್ಲಿ ಇರುತ್ತದಂತೆ.

"ಏನ್ ಹುಡುಕಾಕತ್ತೀ?" ಎಂದು ಯಜಮಾನರು ಮಲಗಿದಲ್ಲಿಂದಲೇ ಕೇಳಿದರು. ಏನಿಲ್ಲ ಎಂದೆ. ಮೂವತ್ತು ವರ್ಷ ಆಗುತ್ತ ಬಂತು, ಆ ಹಲಗೆಯ ಮೇಲೆ ನಾನು ಬರೆದ, ಬರೆಯಿಸಿದ ಒಂದು ಅಂಕಿ ಇನ್ನೂ ನನ್ನ ಬೆನ್ನು ಬಿಟ್ಟಿಲ್ಲ ಎಂದು ಅವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅವರಿಗೂ ಗೊತ್ತು.

ಅದು ತೊಂಬತ್ತಾರರ ಮಳೆಗಾಲ. ಯಜಮಾನರು ರೈಲ್ವೆ ಕಚೇರಿಯಲ್ಲಿ ಗುಮಾಸ್ತರು. ಹುಬ್ಬಳ್ಳಿಯಿಂದ ವಡೋದರಾಕ್ಕೆ ವರ್ಗವಾಗಿ ಬಂದು ಎಂಟು ವರ್ಷವಾಗಿತ್ತು. ಹುಬ್ಬಳ್ಳಿಯಲ್ಲಿ ನರ್ಸಿಂಗ್ ಡಿಪ್ಲೊಮಾ ಮುಗಿಸಿದ್ದ ನಾನು ಮಕರಪುರದ ಕಾರ್ಖಾನೆಗಳ ಮಗ್ಗುಲಲ್ಲಿದ್ದ ಒಂದು ಟ್ರಸ್ಟ್ ಆಸ್ಪತ್ರೆಯಲ್ಲಿ, ಗಂಡಸರ ಸರ್ಜಿಕಲ್ ವಾರ್ಡಿಗೆ ಇನ್‌ಚಾರ್ಜ್ ಸಿಸ್ಟರ್ ಆಗಿದ್ದೆ. ಮೂವತ್ತು ಮಂಚ. ಯಂತ್ರಕ್ಕೆ ಬೆರಳು ಕೊಟ್ಟವರು, ಮೇಲಿನಿಂದ ಕಬ್ಬಿಣ ಬಿದ್ದವರು, ಹರ್ನಿಯಾದವರು, ಅಪೆಂಡಿಕ್ಸಿನವರು. ಒಂದು ಪಾಳಿಗೆ ಇಬ್ಬರು ಸಿಸ್ಟರ್‌ಗಳು, ಒಬ್ಬಳು ಆಯಾ. ನನಗೆ ನಲವತ್ತೊಂದು ತುಂಬಿತ್ತು. ಮೊಣಕಾಲಿನ ಕೆಳಗೆ ನರಗಳು ಉಬ್ಬಿ ಹಸಿರು ನೀಲಿ ಬಣ್ಣಕ್ಕೆ ತಿರುಗಿದ್ದವು. ಸಂಜೆ ಮನೆಗೆ ಬಂದು ಕಾಲನ್ನು ಗೋಡೆಗೆ ಆನಿಸಿ ಮಲಗಿದರೆ ಮಗಳು ಸ್ಮಿತಾ, ಆಗ ಅವಳಿಗೆ ಹತ್ತು ವರ್ಷ, "ಮಮ್ಮಿ ಉಲ್ಟಾ ಸೋಯೀ ಹೈ" ಎಂದು, ಅಮ್ಮ ತಲೆಕೆಳಗಾಗಿ ಮಲಗಿದ್ದಾಳೆ ಎಂದು, ನಗುತ್ತಿದ್ದಳು.

ನಮ್ಮ ಮೇಟ್ರನ್ ಮೇಡಂ ಮುಂದಿನ ಮಾರ್ಚಿನಲ್ಲಿ ನಿವೃತ್ತಿ ಆಗುವವರಿದ್ದರು. ಅವರ ಕೋಣೆಯಲ್ಲಿ ಒಂದು ಬೆತ್ತದ ಕುರ್ಚಿ. ಅದಕ್ಕೆ ಕೈಗಳಿದ್ದವು, ಬೆನ್ನಿಗೊಂದು ದಿಂಬಿತ್ತು, ಮೇಜಿನ ಕೆಳಗೆ ಕಾಲಿಡಲು ಸಣ್ಣ ಮಣೆ ಇತ್ತು. ಹದಿನೆಂಟು ವರ್ಷ ನಿಂತೇ ದುಡಿದವಳಿಗೆ ಆ ಮಣೆ ಎಷ್ಟು ಚಂದ ಕಾಣುತ್ತಿತ್ತು ಎಂದರೆ, ಸಹಿ ಹಾಕಿಸಿಕೊಳ್ಳಲು ಹೋದಾಗಲೆಲ್ಲ ಒಮ್ಮೆ ಅದರ ಕಡೆ ನೋಡಿಯೇ ಬರುತ್ತಿದ್ದೆ. ಹಿರಿತನದಲ್ಲಿ ಮುಂದಿನ ಹೆಸರು ನನ್ನದೇ. ಆದರೆ ಟ್ರಸ್ಟಿನವರು ಹೊಸ ಕಟ್ಟಳೆ ಮಾಡಿದರು: ಇನ್ನು ಮುಂದೆ ಮೇಟ್ರನ್ ಆಗುವವರಿಗೆ ಡಿಗ್ರಿ ಇರಬೇಕು, ಕೊನೆಯಪಕ್ಷ ಓದುತ್ತಿರಬೇಕು. ಆಗಷ್ಟೇ ನಮ್ಮಂಥವರಿಗಾಗಿ ಅಂಚೆಯ ಮೂಲಕ ಓದುವ ಬಿ.ಎಸ್ಸಿ. ನರ್ಸಿಂಗ್ ಶುರುವಾಗಿತ್ತು. ಪುಸ್ತಕ ಮನೆಗೆ ಬರುತ್ತದೆ, ಭಾನುವಾರ ಅಹಮದಾಬಾದಿನಲ್ಲಿ ಪಾಠ. ಸುಳ್ಳು ಯಾಕೆ ಹೇಳಲಿ, ನನಗೆ ವಿದ್ಯೆ ಬೇಕಾಗಿರಲಿಲ್ಲ, ಕುರ್ಚಿ ಬೇಕಾಗಿತ್ತು. ಅರ್ಜಿ ಹಾಕಿದೆ.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎನ್ನುತ್ತಾರೆ. ಗಾದೆ ಕಟ್ಟಿದವರು ಮರದ ಸೊಂಟನೋವಿನ ಬಗ್ಗೆ ಏನೂ ಹೇಳಿಲ್ಲ. ವಾರಕ್ಕೆ ಆರು ದಿನ ವಾರ್ಡು, ಏಳನೆಯ ದಿನ ಬೆಳಗಿನ ಐದೂವರೆಯ ಪ್ಯಾಸೆಂಜರ್ ರೈಲು. ಮಳೆಗೆ ಕಿಟಕಿಯ ಗಾಜು ಏರಿಸಿದರೆ ಸೆಕೆ, ಇಳಿಸಿದರೆ ಪುಸ್ತಕ ಒದ್ದೆ. ತೆರೆದ ಪುಸ್ತಕ ಮಡಿಲಲ್ಲಿ ಇರುತ್ತಿತ್ತು, ನಾನು ನಿದ್ದೆಯಲ್ಲಿರುತ್ತಿದ್ದೆ. ಆನಂದ್ ಸ್ಟೇಷನ್ನಿನಲ್ಲಿ ಬಿಸಿ ಗೋಟಾ ಬಜ್ಜಿ ಮಾರುವವರ ಕೂಗಿಗೆ ಎಚ್ಚರವಾದರೆ ಅದೇ ಪುಟ, ಅದೇ ಸಾಲು. ಅಹಮದಾಬಾದಿನಲ್ಲಿ ಇಳಿದು ಆಟೋ ಹಿಡಿದು ಕ್ಲಾಸು ತಲುಪುವಷ್ಟರಲ್ಲಿ ಸೀರೆಯ ನೆರಿಗೆ ಮೊಣಕಾಲಿನವರೆಗೆ ಕೆಸರಾಗಿರುತ್ತಿತ್ತು.

ಕ್ಲಾಸಿನಲ್ಲಿ ನಾವು ಹನ್ನೆರಡು ಮಂದಿ, ಎಲ್ಲರೂ ನನ್ನಂಥವರೇ. ಸೂರತ್ತಿನಿಂದ ಬರುವ ಒಬ್ಬಳು ಸಿಸ್ಟರ್ ಹಿಂದಿನ ದಿನವೇ ಹೊರಟು ಅಕ್ಕನ ಮನೆಯಲ್ಲಿ ತಂಗಿ ಬರುತ್ತಿದ್ದಳು. ಕಲಿಸುವ ಹೇತಲ್‌ಬೆನ್‌ಗೆ ಇಪ್ಪತ್ತಾರು ವರ್ಷ ಇರಬೇಕು, ಎರಡು ಜಡೆ ಹಾಕಿದ್ದರೆ ತರಬೇತಿಗೆ ಬಂದ ನಮ್ಮ ಪ್ರೊಬೇಷನರ್ ಹುಡುಗಿ ಎಂದೇ ತಿಳಿಯುತ್ತಿದ್ದೆ. ಮೊದಲನೆಯ ದಿನವೇ ಆಕೆ, ಇಬ್ಬಿಬ್ಬರು ಜೋಡಿಯಾಗಿ ಕೂತು ಒಬ್ಬರ ನಾಡಿ, ಉಸಿರು ಇನ್ನೊಬ್ಬರು ಎಣಿಸಿ ಬರೆಯಿರಿ ಎಂದಳು. ನಮಗೆಲ್ಲ ನಗು ಬಂತು. ಹುಟ್ಟಿದ ಮಗುವಿಗೆ ಹಾಲು ಕುಡಿಯಲು ಹೇಳಿಕೊಡುವ ಹಾಗೆ! ನಾನು ಸೂರತ್ತಿನ ಸಿಸ್ಟರ್ ಕೈ ಹಿಡಿದೆ, ಗಡಿಯಾರ ನೋಡಿದೆ, ಬರೆದೆ: ನಾಡಿ ಎಪ್ಪತ್ತೆಂಟು, ಉಸಿರು ಇಪ್ಪತ್ತು.

ಹೇತಲ್‌ಬೆನ್ ನನ್ನ ಹಿಂದೆಯೇ ನಿಂತಿದ್ದಳು. ಬಗ್ಗಿ ಮೆಲ್ಲಗೆ, ನನಗೊಬ್ಬಳಿಗೇ ಕೇಳುವಂತೆ, "ಸಿಸ್ಟರ್, ನಿಮ್ಮ ಗಡಿಯಾರ ನಿಂತಿದೆ ಅಲ್ವಾ?" ಎಂದಳು.

ನಿಂತೇ ಇತ್ತು. ನರ್ಸಿಂಗ್ ಮುಗಿದಾಗ ಅಪ್ಪ ಕೊಡಿಸಿದ ಕೀಲಿ ಗಡಿಯಾರ. ರೈಲು ತಪ್ಪುವ ಗಡಿಬಿಡಿಯಲ್ಲಿ ಬೆಳಿಗ್ಗೆ ಕೀಲಿ ಕೊಟ್ಟಿರಲಿಲ್ಲ. ಮುಳ್ಳು ಇದ್ದಲ್ಲೇ ಇತ್ತು, ನಾನು ಅದನ್ನೇ ನೋಡುತ್ತ ಒಬ್ಬ ಹೆಂಗಸಿನ ಉಸಿರು ಎಣಿಸಿದ್ದೆ. ಕಿವಿ ಬಿಸಿಯಾಯಿತು.

ಆಕೆ ನನ್ನ ಹೆಸರು ಹೇಳಿ ನಾಚಿಸಲಿಲ್ಲ. ಎಲ್ಲರ ಕಾಗದ ತೆಗೆದುಕೊಂಡು ಉಸಿರಿನ ಅಂಕಿಗಳನ್ನು ಬೋರ್ಡಿನ ಮೇಲೆ ಸಾಲಾಗಿ ಬರೆದಳು. ಇಪ್ಪತ್ತು, ಇಪ್ಪತ್ತು, ಹದಿನೆಂಟು, ಇಪ್ಪತ್ತು, ಇಪ್ಪತ್ತೆರಡು, ಇಪ್ಪತ್ತು. ಆಮೇಲೆ ಕೈಗಂಟಿದ ಸೀಮೆಸುಣ್ಣ ಒರೆಸಿಕೊಳ್ಳುತ್ತ ಅಂದಳು: "ಕೆಲವರು ಎಣಿಸಿಲ್ಲ, ಕೆಲವರು ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಿದ್ದೀರಿ. ಹಾಗೆ ಮಾಡಿದರೆ ಬೆಸ ಸಂಖ್ಯೆ ಬರೋದೇ ಇಲ್ಲ. ನಿಮ್ಮ ಪೇಶಂಟ್‌ಗಳೆಲ್ಲ ಸರಿ ಸಂಖ್ಯೆಯಲ್ಲೇ ಉಸಿರಾಡ್ತಾರಾ?"

ಇಡೀ ಒಂದು ನಿಮಿಷ ಎಣಿಸಬೇಕು, ಎಣಿಸುತ್ತಿದ್ದೇವೆ ಎಂದು ರೋಗಿಗೆ ಗೊತ್ತಾಗಬಾರದು, ಗೊತ್ತಾದರೆ ಅವನ ಉಸಿರಿನ ಲಯ ಬದಲಾಗುತ್ತದೆ. ಆದ್ದರಿಂದ ನಾಡಿ ನೋಡಿದ ಕೈಯನ್ನು ಬಿಡದೆ ಹಾಗೇ ಹಿಡಿದುಕೊಂಡು ಎದೆಯ ಏರಿಳಿತ ನೋಡಬೇಕು. ಬೇರೆಲ್ಲ ಕೆಡುವ ಮೊದಲು ಉಸಿರು ಕೆಡುತ್ತದೆ. ಇದನ್ನೆಲ್ಲ ನಾನು ಹತ್ತೊಂಬತ್ತನೆಯ ವಯಸ್ಸಿನಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದು ಪಾಸಾಗಿದ್ದೆ. ಮಧ್ಯಾಹ್ನ ಸೂರತ್ತಿನ ಸಿಸ್ಟರ್ ಡಬ್ಬಿ ಬಿಚ್ಚುತ್ತ, ಮೂವತ್ತು ಮಂಚಕ್ಕೆ ಮೂವತ್ತು ನಿಮಿಷ ಉಸಿರೇ ಎಣಿಸುತ್ತ ನಿಂತರೆ ಇಂಜೆಕ್ಷನ್ ಕೊಡಲು ಈ ಹುಡುಗಿಯ ಅಜ್ಜಿ ಬರುತ್ತಾಳಾ ಎಂದಾಗ ಎಲ್ಲರಿಗಿಂತ ಜೋರಾಗಿ ನಕ್ಕವಳೂ ನಾನೇ.

ನಗುವುದಕ್ಕೆ ಕಾರಣ ಇತ್ತು. ನಮ್ಮ ವಾರ್ಡಿನಲ್ಲಿ ಬೆಳಿಗ್ಗೆ ಆರಕ್ಕೆ ಜ್ವರ ನೋಡುವ ಪದ್ಧತಿ ಹೀಗಿತ್ತು: ಒಬ್ಬಳು ಸಾಲಾಗಿ ಥರ್ಮಾಮೀಟರ್ ಇಡುತ್ತ ಹೋಗುವುದು, ಇನ್ನೊಬ್ಬಳು ಹಿಂದಿನಿಂದ ನಾಡಿ ಹಿಡಿಯುತ್ತ ಥರ್ಮಾಮೀಟರ್ ತೆಗೆಯುತ್ತ ಬರುವುದು. ಉಸಿರಿನ ಕಾಲಂ ಮಾತ್ರ ಖಾಲಿ ಬಿಟ್ಟು, ಕೊನೆಗೆ ಮೇಜಿನ ಹತ್ತಿರ ಎಲ್ಲ ಚಾರ್ಟುಗಳನ್ನು ರಾಶಿ ಹಾಕಿಕೊಂಡು ಒಂದೇ ಪೆನ್ನಿನಲ್ಲಿ ತುಂಬುವುದು. ನನ್ನ ಕೈಕೆಳಗೆ ಬಂದ ಪ್ರತಿ ಹುಡುಗಿಗೂ ಮೊದಲ ವಾರ ನಾನೇ ಹೇಳಿಕೊಡುತ್ತಿದ್ದೆ. ಮಾತಾಡುತ್ತಿದ್ದರೆ ಇಪ್ಪತ್ತು ಬರಿ, ಜ್ವರ ಇದ್ದರೆ ಇಪ್ಪತ್ತನಾಲ್ಕು ಬರಿ. ನನಗೆ ನನ್ನ ಹಿರಿಯ ಸಿಸ್ಟರ್ ಹೇಳಿಕೊಟ್ಟದ್ದೂ ಅದನ್ನೇ. ಯಾವ ಡಾಕ್ಟರೂ ಆ ಕಾಲಮ್ಮಿನ ಮೇಲೆ ಬೆರಳಿಟ್ಟು ಕೇಳಿದವರಿಲ್ಲ.

ಆದರೂ ಗಡಿಯಾರದ ನಾಚಿಕೆ ಒಂದು ವಾರ ಕೆಲಸ ಮಾಡಿತು. ಸೋಮವಾರದಿಂದ ಪ್ರತಿ ಮಂಚದ ಹತ್ತಿರ ನಿಂತು ಎಣಿಸಿದೆ, ಹುಡುಗಿಯರಿಂದಲೂ ಎಣಿಕೆ ಮಾಡಿಸಿದೆ. ಆರಕ್ಕೆ ಶುರುವಾದದ್ದು ಏಳೂವರೆ ಆದರೂ ಮುಗಿಯಲಿಲ್ಲ. ಡ್ರೆಸಿಂಗ್ ತಡವಾಯಿತು, ಆಪರೇಷನ್ನಿಗೆ ಹೋಗುವವರ ತಯಾರಿ ತಡವಾಯಿತು, ಎಂಟಕ್ಕೆ ರೌಂಡ್ಸ್‌ಗೆ ಬಂದ ಡಾಕ್ಟರು ಎಲ್ಲರೆದುರು ರೇಗಿದರು. ಶನಿವಾರದ ಹೊತ್ತಿಗೆ ನನ್ನ ಕಾಲು ಬಾತು ಚಪ್ಪಲಿಯ ಪಟ್ಟಿ ಬಿಗಿಯಾಯಿತು. ಮುಂದಿನ ಸೋಮವಾರ ಮತ್ತೆ ಕುರ್ಚಿ ಎಳೆದುಕೊಂಡು ಕೂತು ಇಪ್ಪತ್ತು, ಇಪ್ಪತ್ತು ಎಂದು ಬರೆಯತೊಡಗಿದೆವು. ಯಾರೂ ಏನೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಎಣಿಸುವ ಅಭ್ಯಾಸ ಮನೆಯಲ್ಲಿ ಮಾತ್ರ ಉಳಿಯಿತು. ಡಿಸೆಂಬರಿನಲ್ಲಿ ಪ್ರಾಕ್ಟಿಕಲ್ ಪರೀಕ್ಷೆ ಇತ್ತಲ್ಲ. ಸಂಜೆ ಯಜಮಾನರು ಪೇಪರ್ ಓದುತ್ತ ಕೂತಾಗ ನಾನು ಚಹದ ಲೋಟ ಹಿಡಿದು ಎದುರಿಗೆ ಕೂತು ಅವರ ಬನಿಯನ್ನಿನ ಮೇಲೆ ಕಣ್ಣಿಡುತ್ತಿದ್ದೆ. ಎರಡು ದಿನ ಸುಮ್ಮನಿದ್ದು ಮೂರನೆಯ ದಿನ ಪೇಪರ್ ಇಳಿಸಿ, "ಏನ್ ಎಣಸಾಕತ್ತೀ? ನಾ ಇನ್ನೂ ಜೀವಂತ ಅದೇನಿ" ಎಂದರು. ಸುಮ್ಮನೆ ಕೂಡ್ರಿ, ಮಾತಾಡಿದರೆ ಲೆಕ್ಕ ತಪ್ಪುತ್ತದೆ ಎಂದು ಗದರಿದೆ. ಸ್ಮಿತಾ ನನ್ನ ಪುಸ್ತಕಕ್ಕೆ ತನ್ನ ಪುಸ್ತಕದ ಹಾಗೇ ಕಂದು ಕಾಗದದ ರಟ್ಟು ಹಾಕಿ, ಮೇಲೆ ನನ್ನ ಹೆಸರು ಬರೆದು, ಕ್ಲಾಸ್ ಎನ್ನುವ ಕಡೆ ಏನು ಬರೆಯಲಿ ಎಂದು ಕೇಳಿದ್ದಳು. ಓದಲು ಕೂತರೆ ಅಕ್ಷರಗಳು ಒಂದರ ಮೇಲೊಂದು ಹತ್ತುತ್ತಿದ್ದವು. ಆ ವರ್ಷ ನಾನು ದಣಿದಿದ್ದೆ ಎಂದರೆ ಸಾಲದು. ದಣಿವು ನನ್ನ ಜೊತೆಗೇ ಎದ್ದು, ನನ್ನ ಜೊತೆಗೇ ಸಮವಸ್ತ್ರ ಹಾಕಿಕೊಂಡು ಕೆಲಸಕ್ಕೆ ಬರುತ್ತಿತ್ತು.

ಗಣಪತಿ ಹಬ್ಬ ಮುಗಿದ ವಾರ ಮಗನ್‌ಭಾಯಿ ಎಂಬ ಕಾರ್ಮಿಕ ನಮ್ಮ ವಾರ್ಡಿಗೆ ಬಂದ. ಮೂವತ್ತೈದರ ಆಸುಪಾಸು, ಕಬ್ಬಿಣದ ಪಟ್ಟಿ ಜಾರಿ ಎದೆಯ ಬಲಕ್ಕೆ ಬಡಿದು ಎರಡು ಪಕ್ಕೆಲುಬು ಬಿರುಕು ಬಿಟ್ಟಿದ್ದವು. ನೋವಿಗೆ ಮಾತ್ರೆ, ಎದೆಗೆ ಪಟ್ಟಿ, ಮಲಗಿರಲಿ ಎಂದಿದ್ದರು ಡಾಕ್ಟರು. ಮಂಚದ ನಂಬರ್ ಹದಿನಾಲ್ಕು. ಹೆಂಡತಿ ಸವಿತಾಬೆನ್ ಸ್ಟೀಲ್ ಡಬ್ಬಿಯಲ್ಲಿ ಖಿಚಡಿ ತಂದು ಪಕ್ಕದಲ್ಲೇ ಕೂತಿರುತ್ತಿದ್ದಳು.

ಬಂದ ಮೂರನೆಯ ದಿನ, ಸೋಮವಾರ. ಹಿಂದಿನ ದಿನ ಅಹಮದಾಬಾದಿನಿಂದ ಬರುವ ರೈಲು ಮಳೆಗೆ ನಡುದಾರಿಯಲ್ಲಿ ನಿಂತು ನಾನು ಮನೆ ಸೇರುವಾಗ ಹೊತ್ತು ಮೀರಿತ್ತು. ಹತ್ತು ಗಂಟೆಯ ಸುಮಾರಿಗೆ ಔಷಧಿಯ ಟ್ರಾಲಿ ತಳ್ಳಿಕೊಂಡು ಹೋಗುವಾಗ ಸವಿತಾಬೆನ್ ಎದ್ದು ನಿಂತು, "ಬೆನ್, ಇವರ ಉಸಿರು ಬೆಳಿಗ್ಗೆಯಿಂದ ಬೇರೆ ಥರ ಇದೆ. ಓಡಿ ಬಂದವರ ಹಾಗೆ" ಎಂದಳು.

ನಾನು ಮಂಚದ ಕಾಲ್ದೆಸೆಯಲ್ಲಿ ನಿಂತು ಚಾರ್ಟಿನ ಹಲಗೆ ಎತ್ತಿ ನೋಡಿದೆ. ನಿನ್ನೆ ಸಂಜೆ ಇಪ್ಪತ್ತು, ಬೆಳಿಗ್ಗೆ ಇಪ್ಪತ್ತು. ಅವಳಿಗೆ ಅದನ್ನೇ ತೋರಿಸಿದೆ. ಇಲ್ಲಿ ನೋಡಿ, ಇಪ್ಪತ್ತೇ ಇದೆ, ನೋವಿಗೆ ಹಾಗನ್ನಿಸುತ್ತದೆ, ಚಿಂತೆ ಮಾಡಬೇಡಿ ಎಂದೆ. ಓದು ಬಾರದ ಹೆಂಗಸು. ಕಾಗದದಲ್ಲಿ ಬರೆದಿದೆ ಎಂದ ಮೇಲೆ ನಂಬಿದಳು, ಕೂತಳು. ಆ ಇಪ್ಪತ್ತು ಹೇಗೆ ಬಂದಿರುತ್ತದೆ ಎಂದು ಇಡೀ ಆಸ್ಪತ್ರೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವಳು ನಾನು. ಆದರೂ ನಂಬಿದೆ. ಎರಡು ಹೆಜ್ಜೆ ಮುಂದಿಟ್ಟು ಅವನ ಎದೆ ನೋಡಲಿಲ್ಲ.

ಮೂರು ಗಂಟೆಗೆ ಅವನ ತುಟಿ ನೀಲಿಯಾಯಿತು. ಪಕ್ಕೆಲುಬಿನ ಒಳಗೆ ನಿಧಾನವಾಗಿ ರಕ್ತ ಕೂಡಿಕೊಂಡು ಶ್ವಾಸಕೋಶವನ್ನು ಒತ್ತುತ್ತಿತ್ತು. ಡಾಕ್ಟರು ಓಡಿ ಬಂದರು, ಎದೆಗೆ ಸೂಜಿ ಹಾಕಿದರು, ಆಂಬುಲೆನ್ಸಿನಲ್ಲಿ ದೊಡ್ಡ ಆಸ್ಪತ್ರೆಗೆ ಸಾಗಿಸಿದರು. ಮರುದಿನ ಬೆಳಿಗ್ಗೆ ತೀರಿಕೊಂಡ ಎಂಬ ಸುದ್ದಿ ಬಂತು. ಹದಿನಾಲ್ಕನೆಯ ಮಂಚದ ಕೆಳಗೆ ಖಿಚಡಿಯ ಡಬ್ಬಿ ಹಾಗೇ ಇತ್ತು. ಆಯಾ ಅದನ್ನು ತೊಳೆದು ನನ್ನ ಕಪಾಟಿನಲ್ಲಿಟ್ಟಳು.

ಬೆಳಗಿನ ಇಪ್ಪತ್ತನ್ನು ಬರೆದವಳು ಜಶೋದಾ. ಛೋಟಾ ಉದೇಪುರದ ಕಡೆಯ ಹಳ್ಳಿಯ ಹುಡುಗಿ, ಅವರ ಮನೆಯಲ್ಲಿ ಓದಿ ಕೆಲಸಕ್ಕೆ ಸೇರಿದವಳು ಅವಳೊಬ್ಬಳೇ. ಬಂದು ಎಂಟು ತಿಂಗಳಾಗಿತ್ತು. ಬುಧವಾರ ಸೂಪರಿಂಟೆಂಡೆಂಟ್ ಡಾಕ್ಟರು ನನ್ನನ್ನು ಕೋಣೆಗೆ ಕರೆಸಿದರು. ಟೈಪ್ ಮಾಡಿದ ಕಾಗದ ಸಿದ್ಧವಾಗಿತ್ತು. ಇನ್‌ಚಾರ್ಜ್ ಸಿಸ್ಟರ್ ಸರಿಯಾಗಿ ತಿಳಿಸಿದ್ದರೂ ಜಶೋದಾ ಎಂಬ ನರ್ಸ್ ಎಣಿಸದೆ ಸುಳ್ಳು ಅಂಕಿ ಬರೆದಿದ್ದಾಳೆ, ಅವಳನ್ನು ಕೆಲಸದಿಂದ ತೆಗೆಯಲಾಗುತ್ತದೆ. ಕೆಳಗೆ ನನ್ನ ಸಹಿಗೆ ಜಾಗ. ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತು ಎಂಬ ಗಾದೆಯನ್ನು ಚಿಕ್ಕಂದಿನಿಂದ ಕೇಳಿದ್ದೆ. ಕೋತಿಯ ಜಾಗದಲ್ಲಿ ನಿಂತು ಕೇಳಿದ್ದು ಅದೇ ಮೊದಲು. ಸೋಮವಾರದವರೆಗೆ ಸಮಯ ಕೊಡಿ ಎಂದೆ.

ಮೇಟ್ರನ್ ಮೇಡಂ ವರಾಂಡದಲ್ಲಿ ನನ್ನನ್ನು ತಡೆದರು. ಕೆಟ್ಟವರಲ್ಲ, ನನ್ನ ಮೇಲೆ ಪ್ರೀತಿಯೇ ಇತ್ತು. "ಸಹಿ ಹಾಕು. ಹುಡುಗಿ ಚಿಕ್ಕವಳು, ಇನ್ನೆಲ್ಲಾದರೂ ಕೆಲಸ ಸಿಗುತ್ತೆ. ನಿನಗೆ ಈ ಮಾರ್ಚ್ ಮತ್ತೆ ಬರೋದಿಲ್ಲ" ಎಂದರು.

ವಾರ್ಡಿಗೆ ಬಂದರೆ ಜಶೋದಾ ಬಟ್ಟೆ ಕೋಣೆಯಲ್ಲಿ ಬೆಡ್‌ಶೀಟುಗಳನ್ನು ಮಡಚುತ್ತಿದ್ದಳು. ಮಡಚಿದ್ದನ್ನೇ ಬಿಚ್ಚಿ ಮತ್ತೆ ಮಡಚುತ್ತಿದ್ದಳು. ನನ್ನನ್ನು ನೋಡಿ, "ಸಿಸ್ಟರ್, ನೀವು ಹೇಳಿಕೊಟ್ಟ ಹಾಗೇ ಬರೆದಿದ್ದೆ" ಎಂದಳು. ಆ ಮಾತಿನಲ್ಲಿ ದೂರು ಇರಲಿಲ್ಲ. ತಾನು ಎಲ್ಲಿ ತಪ್ಪಿದೆ ಎಂದು ನಿಜವಾಗಿಯೂ ಕೇಳುತ್ತಿದ್ದಳು. ದೂರಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು.

ಓದಿನ ಭಾಗವಾಗಿ ನಮ್ಮ ನಮ್ಮ ವಾರ್ಡಿನ ಒಂದು ತೊಂದರೆಯನ್ನು ತೆಗೆದುಕೊಂಡು ಒಂದು ಸಣ್ಣ ಅಧ್ಯಯನ ಬರೆಯಬೇಕಿತ್ತು. ನಾನು ಯಾರಿಗೂ ನೋವಾಗದ ವಿಷಯ ಆರಿಸಿದ್ದೆ: ಮಲಗಿದವರ ಬೆನ್ನಿನ ಹುಣ್ಣು. ಆ ಶನಿವಾರ ರೆಕಾರ್ಡ್ ರೂಮಿಗೆ ಹೋಗಿ, ಅಧ್ಯಯನಕ್ಕೆ ಎಂದು ಹೇಳಿ, ನಮ್ಮ ವಾರ್ಡಿನ ಹಳೆಯ ಚಾರ್ಟುಗಳ ಒಂದು ಕಟ್ಟು ತಂದೆ. ಭಾನುವಾರ ರೈಲಿನಲ್ಲಿ ನಿದ್ದೆ ಬರಲಿಲ್ಲ. ಕಟ್ಟು ಬಿಚ್ಚಿ ಒಂದೊಂದೇ ನೋಡುತ್ತ ಹೋದೆ. ಜಶೋದಾ ಸೇರುವುದಕ್ಕೆ ಎಷ್ಟೋ ಮೊದಲಿನ ಹಾಳೆಗಳು, ನನ್ನದೇ ದುಂಡಗಿನ ಅಕ್ಷರ. ಹೊಟ್ಟೆ ಕೊಯ್ದವನದ್ದೂ ಇಪ್ಪತ್ತು, ಬೆರಳು ಹೋದವನದ್ದೂ ಇಪ್ಪತ್ತು. ನಡಿಯಾದ್ ದಾಟುವವರೆಗೆ ಹುಡುಕಿದೆ. ಒಂದೇ ಒಂದು ಬೆಸ ಸಂಖ್ಯೆ ಸಿಗಲಿಲ್ಲ.

ವಿಷಯ ಬದಲಿಸುತ್ತೇನೆ ಎಂದು ಹೇತಲ್‌ಬೆನ್‌ಗೆ ಹೇಳಿದೆ, ಕಾರಣವನ್ನೂ ಹೇಳಿದೆ. ಆಕೆ ಸುಮಾರು ಹೊತ್ತು ಚಾರ್ಟುಗಳನ್ನು ತಿರುವಿ ಹಾಕಿದಳು. ಆಸ್ಪತ್ರೆಯ ಹೆಸರಾಗಲಿ ನರ್ಸುಗಳ ಹೆಸರಾಗಲಿ ಬರೆಯಬೇಕಾಗಿಲ್ಲ, ಇದರಿಂದ ನಿಮ್ಮ ಕೆಲಸಕ್ಕೆ ತೊಂದರೆ ಆಗದ ಹಾಗೆ ಬರೆಯಬಹುದು ಎಂದಳು. ನನಗಿಂತ ಹದಿನೈದು ವರ್ಷ ಚಿಕ್ಕವಳು ನನ್ನನ್ನು ಕಾಪಾಡಲು ನೋಡುತ್ತಿದ್ದಳು. ಮಧ್ಯಾಹ್ನ ಎಂದಿನಂತೆ ಕ್ಲಾಸಿನ ಹತ್ತಿರದ ಉಡುಪಿ ಹೋಟೆಲಿನಲ್ಲಿ ಕೂತೆ. ಕನ್ನಡ ಕೇಳಲೆಂದೇ ನಾನು ಅಲ್ಲಿಗೆ ಹೋಗುತ್ತಿದ್ದದ್ದು. ಗಲ್ಲಾದಲ್ಲಿದ್ದ ಹೋಟೆಲಿನ ಮಾಲೀಕರು ಎದ್ದು ಬಂದು, "ಎಂತ ಸಿಸ್ಟ್ರೇ, ಊಟ ಹಾಗೇ ಉಂಟಲ್ಲ?" ಎಂದು ಕೇಳಿದರು. ಹುಷಾರಿಲ್ಲ ಎಂದೆ. ಮಜ್ಜಿಗೆಯಾದರೂ ಕುಡಿಯಿರಿ ಎಂದು ತಾವೇ ತಂದಿಟ್ಟರು.

ಅಂದು ಸಂಜೆ ಮನೆಯಲ್ಲಿ ಯಜಮಾನರಿಗೆ ಎಲ್ಲ ಹೇಳಿದೆ. ಕುರ್ಚಿಯ ಆಸೆಯನ್ನೂ ಬಾಯಿಬಿಟ್ಟು ಹೇಳಿದ್ದು ಅಂದೇ. ಸಹಿ ಹಾಕಲೇನ್ರಿ ಎಂದು ಕೇಳಿದೆ. ಹಾಕು ಅನ್ನಲಿ ಎಂದೇ ಕೇಳಿದ್ದೆ, ಈಗ ಒಪ್ಪಿಕೊಳ್ಳುತ್ತೇನೆ.

ಅವರು ನನ್ನ ಕಡೆ ತಿರುಗಿ ಅಂದರು: "ನನ್ನ ಕೇಳಬ್ಯಾಡ. ದಿನಾ ಸಂಜಿಮುಂದ ಚಾ ಆರಿಸ್ಕೊಂತ ನನ್ನ ಎದಿ ನೋಡಿ ಎಣಸ್ತಿ. ಆ ಮನಷ್ಯಾಂದು ಯಾರ ಎಣಸಿದ್ರು?"

ಸೋಮವಾರ ಚಾರ್ಟಿನ ಕಟ್ಟನ್ನು ಸೂಪರಿಂಟೆಂಡೆಂಟರ ಮೇಜಿನ ಮೇಲಿಟ್ಟೆ. ಈ ಅಂಕಿ ಎಲ್ಲರೂ ಹೀಗೇ ಬರೆಯುತ್ತೇವೆ, ಜಶೋದಾಗೆ ಹೀಗೆ ಬರೆಯಲು ಕಲಿಸಿದವಳು ನಾನು, ಅಂದು ಹತ್ತು ಗಂಟೆಗೆ ಹೆಂಡತಿ ಬಂದು ಹೇಳಿದಾಗಲೂ ಚಾರ್ಟು ನೋಡಿ ಸುಮ್ಮನಾದವಳು ನಾನು ಎಂದೆ. ಎಂಟರ ರೌಂಡ್ಸ್‌ನಲ್ಲಿ ಡಾಕ್ಟರೂ ಇದೇ ಚಾರ್ಟು ನೋಡಿ ಮುಂದೆ ಹೋದರು ಎಂದು ಸೇರಿಸಬಹುದಿತ್ತು. ಸೇರಿಸಲಿಲ್ಲ. ಅದು ಸೂಪರಿಂಟೆಂಡೆಂಟರಿಗೆ ಗೊತ್ತಿತ್ತು, ಡಾಕ್ಟರನ್ನು ಉಳಿಸಲೆಂದೇ ಆ ಕಾಗದ ಅಷ್ಟು ಬೇಗ ಟೈಪ್ ಆಗಿತ್ತು.

ಅವರ ಮುಖ ಕೆಂಪಾಯಿತು. "ಭಾನುವಾರ ಭಾನುವಾರ ಹೋಗಿ ಓದಿದ್ದು ಇದನ್ನೇನಾ?"

"ಹೌದು ಸರ್. ಸದ್ಯಕ್ಕೆ ಇದೊಂದು ಬಂದಿದೆ" ಎಂದೆ. ಧೈರ್ಯದಿಂದ ಹೇಳಿದ ಮಾತಲ್ಲ ಅದು. ಕಾಲು ಸೋತಿತ್ತು, ಬೇಗ ಮುಗಿದರೆ ಸಾಕಾಗಿತ್ತು.

ಟ್ರಸ್ಟಿನವರಿಗೆ ಒಬ್ಬಳನ್ನು ತೆಗೆಯುವುದು ಸುಲಭವಿತ್ತು, ಇಡೀ ವಾರ್ಡನ್ನು ತೆಗೆಯುವುದು ಆಗುತ್ತಿರಲಿಲ್ಲ. ಜಶೋದಾ ಉಳಿದಳು. ನನಗೆ ಎಚ್ಚರಿಕೆಯ ಪತ್ರ ಬಂತು. ಮಾರ್ಚಿನಲ್ಲಿ ಡಿಗ್ರಿ ಇದ್ದ ಒಬ್ಬರು ಹೊರಗಿನಿಂದ ಬಂದು ಮೇಟ್ರನ್ ಆದರು. ಬೆತ್ತದ ಕುರ್ಚಿ ಅವರಿಗೆ ಹಿಡಿಸಲಿಲ್ಲವೆಂದು ಬೇರೆ ತರಿಸಿದರು. ಹಳೆಯದು ವರಾಂಡದಲ್ಲಿ ಎಷ್ಟೋ ದಿನ ಬಿದ್ದಿತ್ತು. ಅದರಲ್ಲಿ ಒಮ್ಮೆಯಾದರೂ ಕೂರಬೇಕೆಂದು ನನಗೆ ಅನ್ನಿಸಲಿಲ್ಲ ಎಂದರೆ ನೀವು ನಂಬಬೇಡಿ. ಅನ್ನಿಸುತ್ತಿತ್ತು, ದಿನವೂ ಅನ್ನಿಸುತ್ತಿತ್ತು.

ನವರಾತ್ರಿಗೆ ಮೊದಲು ಸವಿತಾಬೆನ್ ಡಬ್ಬಿ ಕೇಳಿಕೊಂಡು ಬಂದಳು. ಗಂಡನ ಕೈಯ ಅಕ್ಷರ ಆ ಡಬ್ಬಿಯ ಮುಚ್ಚಳದ ಮೇಲೆ ಕೆತ್ತಿದೆಯಂತೆ, ಇಲ್ಲದಿದ್ದರೆ ಬರುತ್ತಿರಲಿಲ್ಲ ಎಂದಳು. ಕಪಾಟಿನಿಂದ ತೆಗೆದು ಕೊಟ್ಟೆ. ಸೂಪರಿಂಟೆಂಡೆಂಟರ ಮುಂದೆ ಆಡಿದ ಮಾತನ್ನೇ ಅವಳ ಮುಂದೆ ಆಡಬೇಕೆಂದು ಬಾಯಿ ತೆರೆದೆ. ಅವಳು ನನ್ನ ಕೈ ಹಿಡಿದು, ನೀವು ಬಹಳ ಓಡಾಡಿದಿರಿ ಬೆನ್, ನಿಮ್ಮ ಋಣ ದೊಡ್ಡದು ಎಂದುಬಿಟ್ಟಳು. ನನ್ನ ಬಾಯಿ ಮುಚ್ಚಿಹೋಯಿತು. ಅವಳು ಗೇಟು ದಾಟುವವರೆಗೆ ನೋಡುತ್ತ ನಿಂತೆ. ಅಂದು ಹೇಳದಿದ್ದಕ್ಕೆ ನನ್ನನ್ನು ನಾನು ಇಂದಿಗೂ ಕ್ಷಮಿಸಿಕೊಂಡಿಲ್ಲ.

ಓದು ಬಿಡಲಿಲ್ಲ. ಕುರ್ಚಿಯ ಆಸೆ ಹೋದ ಮೇಲೂ ಯಾಕೆ ಐದೂವರೆಯ ರೈಲು ಹಿಡಿಯುತ್ತಿದ್ದೆನೋ, ಯಜಮಾನರೂ ಕೇಳಲಿಲ್ಲ. ಎರಡನೆಯ ದರ್ಜೆಯಲ್ಲಿ ಪಾಸಾದೆ, ಒಂದು ವಿಷಯದಲ್ಲಿ ಮರುಪರೀಕ್ಷೆ ಬರೆದು. ವಾರ್ಡಿನಲ್ಲಿ ಬುಧವಾರ ಮೂರು ಗಂಟೆಗೆ, ಬಟ್ಟೆ ಕೋಣೆಯಲ್ಲಿ ಅರ್ಧ ಗಂಟೆ ಪಾಠ ಶುರು ಮಾಡಿದೆ. ಗಡಿಯಾರಕ್ಕೆ ಕೀಲಿ ಕೊಟ್ಟಿದೆಯಾ ಎಂದು ಮೊದಲು ನೋಡುತ್ತಿದ್ದೆ, ನನ್ನದನ್ನೂ ಸೇರಿಸಿ. ಮೂವತ್ತು ಮಂದಿಯನ್ನೂ ಇಡೀ ನಿಮಿಷ ಎಣಿಸಲು ಆಗುವುದಿಲ್ಲ ಎಂದು ಒಪ್ಪಿಕೊಂಡೆವು. ಎದೆಗೆ ಪೆಟ್ಟಾದವರು, ಹೊಸದಾಗಿ ಆಪರೇಷನ್ ಆದವರು, ಮನೆಯವರು ಬಂದು ಏನೋ ಸರಿಯಿಲ್ಲ ಎಂದವರು, ಇವರನ್ನು ಮಾತ್ರ ಬಿಡದೆ ಎಣಿಸುವುದು. ಎಣಿಸಲಾಗದಿದ್ದರೆ ಆ ಜಾಗ ಖಾಲಿ ಬಿಡುವುದು, ಸುಳ್ಳು ತುಂಬಬಾರದು. ಖಾಲಿ ಬಿಟ್ಟದ್ದಕ್ಕೆ ರೌಂಡ್ಸ್‌ನಲ್ಲಿ ಬಹಳ ಬೈಸಿಕೊಂಡೆವು. ಕೆಲವು ಹುಡುಗಿಯರು ಪಾಠಕ್ಕೆ ಬೇಸರಪಟ್ಟರು, ಕೆಲವರು ನಿದ್ದೆ ಹೋದರು. ನಿದ್ದೆ ಹೋದವರನ್ನು ನಾನು ಎಬ್ಬಿಸುತ್ತಿರಲಿಲ್ಲ. ನಿವೃತ್ತಿಯಾಗುವವರೆಗೂ ಬುಧವಾರ ತಪ್ಪಿಸಲಿಲ್ಲ. ಆಮೇಲೆ ಜಶೋದಾ ನಡೆಸಿದಳು.

ಸ್ಯಾಟಲೈಟ್‌ನ ಆಸ್ಪತ್ರೆಯಲ್ಲಿ ಮೊನ್ನೆ ನಾಲ್ಕು ಗಂಟೆಗೆ ಒಬ್ಬಳು ಸಿಸ್ಟರ್ ಬಂದಳು. ಇಪ್ಪತ್ಮೂರು, ಇಪ್ಪತ್ನಾಲ್ಕು ಇರಬಹುದು. ಕಣ್ಣ ಕೆಳಗೆ ಕಪ್ಪು, ಎರಡು ಪಾಳಿ ಒಟ್ಟಿಗೆ ಮಾಡಿದವಳ ಮುಖ. ಆ ಮುಖ ನನಗೆ ಚೆನ್ನಾಗಿ ಗೊತ್ತು. ಯಜಮಾನರ ಬೆರಳಿಗೆ ಚಿಮಟಿಗೆಯಂಥ ಯಂತ್ರ ಸಿಕ್ಕಿಸಿದಳು. ಅದು ತಾನೇ ನಾಡಿ ಎಷ್ಟೆಂದು ತೋರಿಸಿತು. ಇವರು ಅವಳಿಗೆ ಹಿಂದಿಯಲ್ಲಿ ಮಳೆಯ ಕಥೆ ಹೇಳುತ್ತಿದ್ದರು. ಹೂಂಗುಟ್ಟುತ್ತ ಮುಗಿಯುವವರೆಗೆ ಕಾದಳು. ಆಮೇಲೆ, ಯಂತ್ರ ನಾಡಿ ಹೇಳಿ ಆದಮೇಲೆ, ಅವರ ಮಣಿಕಟ್ಟು ಹಿಡಿದುಕೊಂಡಳು.

ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಅವಳ ಕಣ್ಣು ಇವರ ಎದೆಯ ಮೇಲೆ, ಗೋಡೆಯ ಗಡಿಯಾರದ ಮೇಲೆ, ಮತ್ತೆ ಎದೆಯ ಮೇಲೆ. ನಾನೂ ಎಣಿಸಿದೆ. ಮುಗಿಸಿ ಅವಳು ಬರೆಯಲು ಹೊರಟಾಗ ಎಷ್ಟು ಎಂದು ಕೇಳಿದೆ.

"ಹದಿನೇಳು, ಆಂಟಿ."

ನನಗೂ ಹದಿನೇಳೇ ಬಂದಿತ್ತು. ಕಣ್ಣು ತುಂಬಿ ಬಂತು, ತಡೆಯಲಾಗಲಿಲ್ಲ. ಅವಳು ಹೆದರಿ, ಯಾಕೆ ಆಂಟಿ, ಅಂಕಲ್‌ಗೆ ಏನೂ ಆಗಿಲ್ಲ, ನಾರ್ಮಲ್ ಇದೆ ಎಂದಳು. ಸವಿತಾಬೆನ್‌ಗೆ ಹೇಳಲಾಗದೆ ಉಳಿದದ್ದು ಆಗ ಬಾಯಿಗೆ ಬಂತು.

"ನಾನೂ ಸಿಸ್ಟರೇ ಆಗಿದ್ದೆ ಬೇಟಾ. ಒಂದು ಸಲ ಎಣಿಸದೆ ಇಪ್ಪತ್ತು ಅಂದುಬಿಟ್ಟೆ. ಅವನು ಹೋಗಿಬಿಟ್ಟ."

ಯಜಮಾನರು ಕಣ್ಣು ಮುಚ್ಚಿಕೊಂಡರು. ಹುಡುಗಿ ನನ್ನ ಭುಜದ ಮೇಲೆ ಒಂದು ಕ್ಷಣ ಕೈಯಿಟ್ಟು, ಪಕ್ಕದ ಮಂಚಕ್ಕೆ ಹೋದಳು. ಅಲ್ಲಿದ್ದ ಮುದುಕರ ಬೆರಳಿಗೆ ಯಂತ್ರ ಸಿಕ್ಕಿಸಿದಳು, ತೆಗೆದಳು, ಆಮೇಲೆ ಅವರ ಕೈ ಹಿಡಿದುಕೊಂಡು ಗಡಿಯಾರದ ಕಡೆ ನೋಡಿದಳು. ಅಲ್ಲಿ ಒಂದು ಇಡೀ ನಿಮಿಷ ನಿಂತಳು.